ಖಾಲಿ ಗಾಡಿಯ ಮಟ್ಟ

"ಮಟ್ಟ ಮಾಡಬೇಕಾಗಿರೋದು ಖಾಲಿ ಗಾಡಿಗಾ ಸ್ವಾಮಿ, ಲೋಡ್ ಗಾಡಿಗಾ?"

ಗುರುವಾರ ಬೆಳಿಗ್ಗೆ ಮುಳಬಾಗಿಲು ರಸ್ತೆಯ ಮೇಸ್ತ್ರಿಯೊಬ್ಬರು ಕೇಳಿದ ಈ ಪ್ರಶ್ನೆ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಮಟ್ಟ ಮಾಡುವುದೆಂದರೆ ಗಾಡಿಯ ತಗ್ಗಿದ ಮೂತಿಯನ್ನು ಎತ್ತಿ ಹಿಂಭಾಗಕ್ಕೆ ಸಮ ಮಾಡುವುದು. ಕೇಳುವಾಗ ಅವರು ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಹಳೆಯ ಝೆನಾನ್ ಪಿಕಪ್ಪಿನ ಮುಂದಿನ ಚಕ್ರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮಡ್‌ಗಾರ್ಡಿನ ಅಂಚಿಗೂ ಟೈರಿಗೂ ನಡುವೆ ಕೈಯನ್ನು ಅಡ್ಡಲಾಗಿ ತೂರಿಸಿ ನೋಡುತ್ತಿದ್ದರು. ನಾನು ತಟ್ಟನೆ "ಖಾಲಿ ಗಾಡಿಗೆ" ಎಂದೆ. ಅವರು ಕೈಯನ್ನು ಹೊರಗೆಳೆದುಕೊಂಡು ಸುಮ್ಮನೆ ನಕ್ಕರು.

ನಮ್ಮ ತೋಟಕ್ಕೆ ಮೊದಲು ಕೆರೆಯಂಗಳದ ಬಂಡಿದಾರಿಯಲ್ಲೇ ಹೋಗುತ್ತಿದ್ದೆವು. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ-ಚಲ್ಲಘಟ್ಟ ಕಣಿವೆಯ) ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದ ಮೇಲೆ ಆ ದಾರಿ ಮುಳುಗಿತು. ಕೊಳವೆಬಾವಿಯಲ್ಲಿ ನೀರು ಬಂದ ಸಂತೋಷದ ಮುಂದೆ ದಾರಿ ಹೋದ ದುಃಖವನ್ನು ಯಾರೂ ಆಡಿಕೊಳ್ಳಲಿಲ್ಲ. ಈಗ ಗುಡ್ಡದ ಬುಡದ ಬಂಡೆಗಳ ಮೇಲೆ ಬಳಸಿಕೊಂಡು ಹೋಗಬೇಕು. ಅಲ್ಲಿ ಎರಡು ಕಡೆ ಪಿಕಪ್ಪಿನ ಮುಂಭಾಗದ ಅಡಿತಗಡು ಬಂಡೆಗೆ ಉಜ್ಜುತ್ತಿತ್ತು. ಹೀಗಾಗಿ ಮೂತಿಯನ್ನು ಸ್ವಲ್ಪ ಎತ್ತಿಸಬೇಕೆಂಬ ಯೋಚನೆಗೆ ನಿಜವಾದ ಕಾರಣವೊಂದು ಇತ್ತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇನ್ನೊಂದು ಕಾರಣ ಹೇಳಿಕೊಳ್ಳುವಂಥದ್ದಲ್ಲ.

ಆ ಇನ್ನೊಂದು ಕಾರಣ ನನ್ನ ಅಕ್ಕನ ಮಗ. ಅವನ ಬಳಿ ಇಸುಝು ಕಂಪನಿಯ ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್ ಇದೆ. ಅದರ ಮುಂಭಾಗದಲ್ಲಿರುವುದು ಕಾಯಿಲ್ ಸ್ಪ್ರಿಂಗ್. ಅದರ ನೆತ್ತಿಯ ಮೇಲೆ ಅವನು ಒಂದು ಇಂಚು ದಪ್ಪದ ಬಿಲ್ಲೆ ಕೂರಿಸಿದ್ದಾನೆ. ಸ್ಪ್ರಿಂಗಿನ ಬುಡ ಚಕ್ರವನ್ನು ಹಿಡಿದಿರುವ ಕೆಳತೋಳಿನ ನಡುಭಾಗದಲ್ಲಿ ಕೂರುವುದರಿಂದ ಮೇಲೆ ಒಂದು ಇಂಚು ಹಾಕಿದರೆ ಚಕ್ರದ ಬಳಿ ಹೆಚ್ಚುಕಡಿಮೆ ಎರಡು ಇಂಚು ಸಿಗುತ್ತದೆ. ಗಾಡಿ ನೋಡಲು ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಕೊಂಡಂದಿನಿಂದ ಅದರ ಹಿಂಬದಿಯಲ್ಲಿ ಒಂದು ಗೊಬ್ಬರದ ಮೂಟೆಯೂ ಕುಳಿತಿಲ್ಲ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆಗೋ ಅಂತರಗಂಗೆಯ ಕಡೆಗೋ ಹೋಗಿ ಬಂದು, ಮಧ್ಯಾಹ್ನ ಅದನ್ನು ಮೀಯಿಸುತ್ತಾನೆ. ಹೋದ ವಾರ ನಮ್ಮ ಮನೆಯ ಮುಂದೆ ಎರಡೂ ಗಾಡಿಗಳು ಅಕ್ಕಪಕ್ಕ ನಿಂತಿದ್ದಾಗ, "ಮಾವ, ನಿಮ್ಮ ಗಾಡಿ ಯಾಕೋ ತಪ್ಪು ಮಾಡಿದೋರ ಥರ ತಲೆ ತಗ್ಗಿಸಿ ನಿಂತಿದೆ" ಅಂದ. ಐವತ್ತೆರಡು ವರ್ಷದ ಮನುಷ್ಯನಿಗೆ ಇಂಥ ಮಾತು ನಾಟಬಾರದು. ನಾಟಿತು.

ಸೋಮವಾರ ಊರಿನ ಒಂದು ಅಂಗಡಿಗೆ ಹೋದೆ. ನನ್ನ ಗಾಡಿಯ ಮುಂಭಾಗದಲ್ಲಿ ಕಾಯಿಲ್ ಇಲ್ಲ, ಟಾರ್ಷನ್ ಬಾರ್ ಇದೆ. ಚಾಸಿಯ ಉದ್ದಕ್ಕೆ ಮಲಗಿರುವ ಉಕ್ಕಿನ ಸರಳು ಅದು. ಅದರ ಒಂದು ತುದಿ ಚಕ್ರದ ತೋಳಿಗೂ ಇನ್ನೊಂದು ತುದಿ ಚಾಸಿಯ ಬಳಿಯ ಒಂದು ಸನ್ನೆಗೋಲಿಗೂ ಸೇರಿಕೊಂಡಿರುತ್ತದೆ. ಚಕ್ರ ಮೇಲೇಳುವಾಗ ಸರಳು ತಿರುಚಿಕೊಳ್ಳುತ್ತದೆ, ಆ ತಿರುಚುವಿಕೆಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಸನ್ನೆಗೋಲಿನ ಬೋಲ್ಟನ್ನು ಬಿಗಿದರೆ ಮೂತಿ ಏಳುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಅಂಗಡಿಯ ಹುಡುಗ ಹದಿನೈದು ನಿಮಿಷದಲ್ಲಿ ಎರಡೂ ಕಡೆಯ ಬೋಲ್ಟನ್ನು ತಿರುಗುವಷ್ಟೂ ತಿರುಗಿಸಿದ. ಜಾಕಿ ಕೊಟ್ಟು ಚಕ್ರವನ್ನು ಇಳಿಬಿಡುವ ಗೋಜಿಗೂ ಹೋಗದೆ, ಗಾಡಿಯ ಭಾರವೆಲ್ಲ ಬೋಲ್ಟಿನ ಮೇಲಿರುವಾಗಲೇ ಪಾನಾಕ್ಕೆ ಪೈಪು ತೂರಿಸಿ ಬಿಗಿದ. ಗಾಡಿ ತಲೆ ಎತ್ತಿತು, ನನಗೂ ಎದೆಯುಬ್ಬಿತು.

ಆ ರಾತ್ರಿ ಬಾಮೈದನ ಟೊಮೆಟೊ ತುಂಬಿಕೊಂಡು ಮಂಡಿಗೆ ಹೊರಟಾಗ ಎದುರಿಗೆ ಬಂದ ಪ್ರತಿಯೊಂದು ಲಾರಿಯೂ ನನಗೆ ದೀಪ ಹಾಯಿಸಿ ಬೈದುಕೊಂಡು ಹೋಯಿತು. ನನ್ನ ದೀಪಗಳು ರಸ್ತೆಯನ್ನು ಬಿಟ್ಟು ಹುಣಸೆಮರಗಳ ತಲೆಯನ್ನು ತೋರಿಸುತ್ತಿದ್ದವು. ಸ್ಟೀರಿಂಗು ನೀರಿನ ಮೇಲೆ ತೇಲಿದಂತಿತ್ತು. ಬಂಡೆಯ ದಾರಿಯಲ್ಲಂತೂ ಅಡಿತಗಡು ಉಜ್ಜುವುದು ನಿಂತಿತಾದರೂ, ಚಕ್ರ ಹಳ್ಳಕ್ಕೆ ಇಳಿದಾಗಲೆಲ್ಲ ಮುಂಭಾಗದಿಂದ 'ಟಣ್' ಎಂದು ಕಬ್ಬಿಣಕ್ಕೆ ಕಬ್ಬಿಣ ಹೊಡೆದ ಸದ್ದು ಬರುತ್ತಿತ್ತು.

ಗುರುವಾರ ಮೇಸ್ತ್ರಿಗೆ ಇದನ್ನೆಲ್ಲ ವರದಿ ಒಪ್ಪಿಸಿದೆ. ಆಗ ಬಂದದ್ದು ಆ ಪ್ರಶ್ನೆ.

ಮೇಸ್ತ್ರಿಯ ಬಗ್ಗೆ ಒಂದು ಮಾತು. ಅವರು ಹೆಚ್ಚು ಮಾತನಾಡುವವರಲ್ಲ. ಆಡಿದರೆ ಅರ್ಧ ಕನ್ನಡ, ಅರ್ಧ ತೆಲುಗು. ಗಿರಾಕಿ ಹೇಳಿದ ಕೆಲಸವನ್ನು ಒಂದು ದಿನವೂ ಹೇಳಿದಂತೆ ಮಾಡಿದವರಲ್ಲ, ಅದಕ್ಕೇ ಅವರ ಬಳಿ ಜನ ಕಡಿಮೆ. ನನ್ನ "ಖಾಲಿ ಗಾಡಿಗೆ" ಎಂಬ ಉತ್ತರವನ್ನು ಕೇಳಿಸಿಕೊಳ್ಳದವರಂತೆ, "ನಾಳೆ ನಲವತ್ತು ಬಾಕ್ಸ್ ಹಾಕ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದು ಎದ್ದುಹೋದರು. ನಮ್ಮಲ್ಲಿ ಟೊಮೆಟೊ ಬಾಕ್ಸ್ ಎಂದರೆ 15 ಕೆಜಿ. ನಲವತ್ತಕ್ಕೆ 600.

ಶುಕ್ರವಾರ ಮಂಡಿಗೆ ಹೋಗುವ ಹಣ್ಣನ್ನೇ ತುಂಬಿಕೊಂಡು ಬೆಳಗಿನ ಜಾವ ಹೋದೆ. ಮೇಸ್ತ್ರಿ ಒಳಗಿನಿಂದ ತಂದದ್ದು ಗಾರೆ ಕೆಲಸದವರ ರಸಮಟ್ಟ. ಅದನ್ನು ಬಾಗಿಲ ಕೆಳಗಿನ ಚೌಕಟ್ಟಿಗೆ ಒತ್ತಿಹಿಡಿದು ನನ್ನನ್ನು ಕರೆದರು. ಗುಳ್ಳೆ ಮೂತಿಯ ಕಡೆಗೆ ಓಡಿತ್ತು, ಅಂದರೆ ಮೂತಿಯೇ ಎತ್ತರ. ಕಂಪನಿಯಿಂದ ಬರುವಾಗ ಪಿಕಪ್ಪಿನ ಹಿಂಭಾಗ ಎತ್ತರವಾಗಿರುವುದು ಊನವಲ್ಲ. ಭಾರ ಬಿದ್ದಾಗ ಲೀಫ್ ಸ್ಪ್ರಿಂಗಿನ ಪಟ್ಟಿಗಳು ತಗ್ಗಿ ಗಾಡಿ ಮಟ್ಟಕ್ಕೆ ಬರಲಿ ಎಂದು ಬಿಟ್ಟಿರುವ ಜಾಗ ಅದು. ಖಾಲಿ ಗಾಡಿಯನ್ನು ಮಟ್ಟ ಮಾಡಿದರೆ ತುಂಬಿದ ಗಾಡಿ ಆಕಾಶ ನೋಡುತ್ತದೆ.

ನನಗೆ ಅಲ್ಲೇ ಮುಖಕ್ಕೆ ಹೊಡೆದಂತಾಯಿತು, ಏಕೆಂದರೆ ಇದು ನನಗೆ ಗೊತ್ತಿರದ ವಿಷಯವೇ ಅಲ್ಲ. ನಮ್ಮ ತಂದೆ ಎತ್ತಿನ ಗಾಡಿಗೆ ಮೂಟೆ ಹೇರುವಾಗ ಮೊದಲು ನೋಡುತ್ತಿದ್ದದ್ದೇ ಮುಂಭಾರ, ಹಿಂಭಾರ. ಹಿಂಭಾರವಾದರೆ ಮೂಕಿ ಮೇಲೇರಿ ಎತ್ತುಗಳ ಕೊರಳಿನ ಹಗ್ಗ ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲನ್ನು ಒತ್ತುತ್ತದೆ. ಕೊನೆಯ ಮೂಟೆಯನ್ನು ಇಡುವ ಮುನ್ನ ಅವರು ಮೂಕಿಯನ್ನು ಅಂಗೈಯಲ್ಲಿ ಎತ್ತಿ ನೋಡಿ, ಒಂದು ಮೂಟೆಯನ್ನು ಒಂದು ಗೇಣು ಹಿಂದಕ್ಕೋ ಮುಂದಕ್ಕೋ ಸರಿಸಲು ಹೇಳುತ್ತಿದ್ದರು. ಸರಿಸುತ್ತಿದ್ದವನು ನಾನೇ. ಖಾಲಿ ಗಾಡಿಯ ಮೂಕಿ ನೆಲಕ್ಕೆ ಊರಿ ನಿಂತಿರುತ್ತಿತ್ತು, ಅದನ್ನು ನೋಡಿ ಯಾರಿಗೂ ಅವಮಾನವಾದದ್ದು ನನಗೆ ನೆನಪಿಲ್ಲ. ಅಂಥವನು ಹುಡುಗನೊಬ್ಬನ ಮಾತಿಗೆ ಬೋಲ್ಟು ಬಿಗಿಸಿಕೊಂಡು ಬಂದಿದ್ದೆ.

ಬಾಕ್ಸುಗಳನ್ನು ಇಳಿಸದೆಯೇ ಕೆಲಸ ನಡೆಯಿತು. ಮೇಸ್ತ್ರಿ ಮುಂಭಾಗಕ್ಕೆ ಜಾಕಿ ಕೊಟ್ಟು, ಚಾಸಿಗೆ ಆಧಾರ ಇಟ್ಟು, ಚಕ್ರಗಳನ್ನು ಜೋಲುಬಿಟ್ಟು, ಬೋಲ್ಟಿನ ತಿರುಪಿನ ಗೆರೆಗಳಿಗೆ ಎಣ್ಣೆ ಹಾಕಿ, ಪ್ರತಿ ಸುತ್ತನ್ನೂ ಬಾಯಲ್ಲಿ ಎಣಿಸುತ್ತ ಸಡಿಲಿಸಿದರು. ಬೋಲ್ಟು ಬಿಗಿದರೆ ಸರಳು ಗಟ್ಟಿಯಾಗುತ್ತದೆಂದು ನಾನು ನಂಬಿದ್ದೆ. ಹಾಗಿಲ್ಲವಂತೆ, ಸರಳಿನ ದಪ್ಪವೂ ಉದ್ದವೂ ಬದಲಾಗದೆ ಅದರ ಬಿಗಿತ ಬದಲಾಗುವುದಿಲ್ಲ, ಚಕ್ರಕ್ಕೆ ಕೆಳಗಿಳಿಯಲು ಇದ್ದ ಜಾಗ ಮಾತ್ರ ಕಡಿಮೆಯಾಗುತ್ತದೆ. ಆ 'ಟಣ್' ಸದ್ದು ಜಾಗ ಮುಗಿದು ತೋಳು ತಡೆಗೆ ಬಡಿದದ್ದು. ಪ್ರತಿ ಸಲ ಗಾಡಿ ಇಳಿಸಿದ ಮೇಲೆ ಹತ್ತು ಮಾರು ಹಿಂದೆ ಮುಂದೆ ಓಡಿಸಿ, ಅದು ತನ್ನ ಮಟ್ಟಕ್ಕೆ ಕೂತ ನಂತರವೇ ಟೇಪು ಹಿಡಿದರು. ಅದನ್ನೂ ನೆಲದಿಂದ ಹಿಡಿಯಲಿಲ್ಲ, ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆಂದು ಚಕ್ರದ ನಡುಗುಂಬದಿಂದ ಮಡ್‌ಗಾರ್ಡಿನ ಅಂಚಿಗೆ ಹಿಡಿದರು. ಅಳತೆಗೆ ನನ್ನನ್ನು ಡ್ರೈವರ್ ಸೀಟಿನಲ್ಲೇ ಕೂರಿಸಿದ್ದರು. "ನಿಮ್ಮ ತೂಕಾನೂ ಲೋಡೇ" ಅಂದರು. ಆ ಬದಿಯ ಬೋಲ್ಟಿಗೆ ಒಂದೂವರೆ ಸುತ್ತು ಹೆಚ್ಚು ಬಿಗಿ ಬೇಕಾಯಿತು.

ಕೊನೆಗೆ ಮೊದಲಿದ್ದದ್ದಕ್ಕಿಂತ ಎರಡೂವರೆ ಸೆಂಟಿಮೀಟರಿನಷ್ಟೇ ಎತ್ತರ ಉಳಿಸಿದರು. ಅಡಿತಗಡು ಬಂಡೆಯನ್ನು ದಾಟಲು ಅಷ್ಟು ಸಾಕು. ಇನ್ನೂ ಸ್ವಲ್ಪ ಎಂದು ನಾನು ರಾಗ ಎಳೆದಾಗ, "ಹಿಂದಿನ ಚಕ್ರಗಳ ನಡುವಿನ ಗೇರ್ ಗುಂಡು, ಡಿಫರೆನ್ಷಿಯಲ್, ಆಕ್ಸಲ್‌ನಲ್ಲೇ ನೇತಾಡ್ತಿರುತ್ತೆ, ಮುಂದೆ ಎಷ್ಟು ಎತ್ತಿದ್ರೂ ಅದು ಮೇಲಕ್ಕೆ ಬರಲ್ಲ, ಬರಬೇಕಾದ್ರೆ ದೊಡ್ಡ ಟೈರೇ ಹಾಕಬೇಕು" ಎಂದು ಬಾಯಿ ಮುಚ್ಚಿಸಿದರು. ಮಂಡಿಯಲ್ಲಿ ಹಣ್ಣು ಇಳಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದೆ. ಎತ್ತರ ಬದಲಾದರೆ ಚಕ್ರದ ವಾಲೂ ಬದಲಾಗುತ್ತದೆ, ಬಿಟ್ಟರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಸಂಜೆ ಮನೆಯ ಗೋಡೆಗೆ ದೀಪ ಬಿಟ್ಟುಕೊಂಡು ಅದರ ತಿರುಪನ್ನು ನಾನೇ ಇಳಿಸಿದೆ.

ಊರಿನ ಅಂಗಡಿಯ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಬೇಕೆಂದಿದ್ದೆ; ಇದೆ. ಕೆಲಸ ತಪ್ಪಿದ್ದಕ್ಕಲ್ಲ. ಹಿಂದೆ ಏನು ಹಾಕುತ್ತೀರಿ ಎಂದು ಅವನು ಒಂದು ಸಲವೂ ಕೇಳಲಿಲ್ಲ, ಅದಕ್ಕೆ. ಆದರೆ ನಾನೂ ಹೇಳಲಿಲ್ಲವಲ್ಲ. ಅವನಿಗೆ ನಾನು ತೋರಿಸಿದ್ದು ಫೋನಿನಲ್ಲಿದ್ದ ಅಕ್ಕನ ಮಗನ ಗಾಡಿಯ ಚಿತ್ರವನ್ನು. ಚಿತ್ರದಲ್ಲಿ ಇದ್ದಂತೆ ಅವನು ಮಾಡಿಕೊಟ್ಟ.

ನಿನ್ನೆ ಭಾನುವಾರ ಅಕ್ಕನ ಮಗ ಬಂದಿದ್ದ. ಗಾಡಿಯ ಸುತ್ತ ಒಂದು ಸುತ್ತು ಬಂದು, ತನ್ನ ಫೋನನ್ನೇ ರಸಮಟ್ಟ ಮಾಡಿಕೊಂಡು ಹಿಂಬದಿಯ ಹಲಗೆಯ ಮೇಲಿಟ್ಟು, "ಇನ್ನೂ ತಲೆ ತಗ್ಗಿಸಿಕೊಂಡೇ ಇದೆಯಲ್ಲ ಮಾವ" ಅಂದ. ಮಂಗಳವಾರ ಬೆಳಗಿನ ಜಾವ ಮೂರೂವರೆಗೆ ತೋಟಕ್ಕೆ ಬಾ, ನಲವತ್ತು ಬಾಕ್ಸ್ ಹೇರಿದ ಮೇಲೆ ಅದೇ ಫೋನನ್ನು ಮತ್ತೆ ಇಟ್ಟು ನೋಡು ಎಂದೆ. ಬರುತ್ತೇನೆ ಎಂದಿದ್ದಾನೆ. ಯಾವ ಗಾಡಿಯಲ್ಲಿ ಎಂದು ನಾನು ಕೇಳಲಿಲ್ಲ. ಕೆರೆ ಕೋಡಿಯ ಹತ್ತಿರ ಕೆಸರಿದೆ ಎಂದು ಮಾತ್ರ ಹೇಳಿ ಕಳಿಸಿದ್ದೇನೆ.