ಅಟ್ಟ ಸೇರಿದ 13 ಲಕ್ಷ

ಕೆಲಸ ಬಿಟ್ಟು ಹನ್ನೆರಡು ದಿನ ಆಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ತುಮಕೂರಿನ ರೂಮಿನಲ್ಲಿ ಬೆಳಗ್ಗೆ ಐದೂವರೆಗೇ ಎಚ್ಚರ ಆಗುತ್ತಿತ್ತು. ವಸಂತನರಸಾಪುರಕ್ಕೆ ಕಂಪನಿ ಬಸ್ಸು ಹಿಡಿದ ಒಂಬತ್ತು ವರ್ಷದ ಅಭ್ಯಾಸ. ಎದ್ದು, ಹಲ್ಲುಜ್ಜಿ, ಜಡೆ ಹಾಕಿಕೊಂಡ ಮೇಲೆ ನೆನಪಾಗುತ್ತಿತ್ತು, ಹೋಗಬೇಕಾದ ಜಾಗವೇ ಇಲ್ಲ.

ಹದಿಮೂರನೇ ದಿನ ಭಾನುವಾರ. ತಿಪಟೂರಿನ ಕಡೆ ರೈಲು ಹತ್ತಿದೆ. ಗುಬ್ಬಿ ಬರುವಷ್ಟರಲ್ಲಿ ಹೇಳಬೇಕಾದ ಮಾತನ್ನು ಮೂರು ಸಲ ಉರು ಹೊಡೆದಿದ್ದೆ. ನಿಟ್ಟೂರು ದಾಟುವಾಗ ಎಲ್ಲಾ ಕಲಸಿಹೋಗಿತ್ತು.

ನಮ್ಮೂರು ನೊಣವಿನಕೆರೆ ಕಡೆ. ಮನೆ ಮುಂದೆ ಜಗಲಿ ಮೇಲೆ ಅಜ್ಜಿ ಕೂತಿದ್ದಳು. ನನ್ನನ್ನು ಕಂಡವಳೇ ಒಳಗೆ ಕೂಗಿದಳು: "ಹೆಣ್ಣು ಬಂತು ನೋಡ್ರೇ. ಅದುಕ್ಕೆ ಮೊದ್ಲು ಕಾಫಿ ಕೊಡಿ."

ನನಗೆ ನಗು ಬಂತು. ಆ ವಾರವಷ್ಟೇ ಜರ್ಮನ್ ಆನ್‌ಲೈನ್ ಕ್ಲಾಸಿನಲ್ಲಿ ಒಬ್ಬ ಹುಡುಗ ಮೇಷ್ಟರ ಜೊತೆ ಜಗಳ ಆಡಿದ್ದ. ಜರ್ಮನ್‌ನಲ್ಲಿ ಮೇಜು ಗಂಡು, ಬಾಗಿಲು ಹೆಣ್ಣು. ಹುಡುಗಿ ಮಾತ್ರ ನಪುಂಸಕ ಲಿಂಗ, 'ದಾಸ್ ಮೇಡ್‌ಶೆನ್'. ಹುಡುಗಿಯನ್ನು 'ಅದು' ಅನ್ನೋದು ಯಾವ ನ್ಯಾಯ ಸಾರ್ ಅಂತ ಅವನ ವಾದ. ನಾನು ಮೈಕ್ ಮ್ಯೂಟ್ ಮಾಡಿಕೊಂಡು ಸುಮ್ನೆ ಕೂತಿದ್ದೆ. ಮೂವತ್ತಮೂರು ವರ್ಷದಿಂದ ನಮ್ಮಜ್ಜಿಗೆ ನಾನು 'ಅದು'ವೇ. ಮೇಜು ಯಾಕೆ ಗಂಡು ಅನ್ನೋದು ಮಾತ್ರ ಇನ್ನೂ ತಲೆಗೆ ಹತ್ತಿಲ್ಲ.

ಊಟ ಆದ ಮೇಲೆ ಹೇಳಿದೆ. ಕೆಲಸ ಬಿಟ್ಟಿದ್ದೀನಿ, ಜರ್ಮನಿಗೆ ಹೋಗಬೇಕು ಅಂತಿದ್ದೀನಿ.

ಅಪ್ಪ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ ಕೇಳಿದರು, "ಅಲ್ಲಿ ಕೆಲ್ಸ ಸಿಕ್ಕೈತಾ?"

"ಇಲ್ಲ. ಹೋಗಿ ಹುಡುಕಬೇಕು."

"ಎಷ್ಟು ಖರ್ಚು?"

"13 ಲಕ್ಷ ತೋರಿಸಬೇಕು."

ಅಪ್ಪ ಸ್ವಲ್ಪ ಹೊತ್ತು ಅಡಿಕೆ ಅಗಿದರು. "ಅಂದ್ರೆ, ಇರೋ ಕೆಲ್ಸ ಬಿಟ್ಟು, 13 ಲಕ್ಷ ಕಟ್ಟಿ, ಕೆಲ್ಸ ಹುಡುಕಕ್ಕೆ ಹೋಯ್ತೀಯಾ?"

ಹಾಗೆ ಹೇಳಿದರೆ ನನಗೂ ಹುಚ್ಚು ಅನ್ನಿಸಿತು. ಮದುವೆಯ ಮಾತೂ ಬಂತು. ಅದನ್ನು ಇಲ್ಲಿ ಬಿಡೋಣ.

ಫೋನಿನಲ್ಲಿ ಪಟ್ಟಿ ತೆಗೆದು ಒಂದೊಂದೇ ವಿವರಿಸಿದೆ. ಜರ್ಮನಿಯವರು 2024ರ ಜೂನ್‌ನಲ್ಲಿ ಆಪರ್ಚುನಿಟಿ ಕಾರ್ಡ್ ಅಂತ ಶುರು ಮಾಡಿದ್ದಾರೆ. ಅಲ್ಲಿಗೆ ಹೋಗಿ ಒಂದು ವರ್ಷ ಇದ್ದು ಕೆಲಸ ಹುಡುಕಬಹುದು. ಅಲ್ಲಿವರೆಗೆ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ದುಡಿಯಬಹುದು. ನನ್ನಂಥ ಡಿಪ್ಲೊಮಾದವರಿಗೆ 6 ಅಂಕ ಬೇಕು. ಕಳೆದ ಏಳು ವರ್ಷದಲ್ಲಿ ಐದು ವರ್ಷ ಓದಿದ್ದಕ್ಕೆ ಸಂಬಂಧಪಟ್ಟ ಕೆಲಸ ಮಾಡಿದ್ದರೆ 3. ವಯಸ್ಸು 35 ದಾಟಿಲ್ಲದಿದ್ದರೆ 2. ಅಲ್ಲಿಗೆ ಐದಾಯಿತು. ಆರನೆಯದಕ್ಕೆ ಜರ್ಮನ್ ಭಾಷೆಯಲ್ಲಿ ಎ2, ಅಂದರೆ ಎರಡನೇ ಹಂತದ ಪರೀಕ್ಷೆ ಪಾಸಾಗಬೇಕು.

"ಒಂದು ಮಾರ್ಕ್ಸಿಗೆ ಕೆಲ್ಸ ಬಿಟ್ಯಾ?" ಅಂದಳು ಅಮ್ಮ.

ನಿಜ ಹೇಳಬೇಕಂದರೆ, ಬಿಡಲೇಬೇಕು ಅಂತೇನೂ ಇರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದೂ ಓದುವವರಿದ್ದಾರೆ. ಆದರೆ ಒಂಬತ್ತು ವರ್ಷ ಅದೇ ಮೇಜು, ಅದೇ ವರ್ನಿಯರ್. ಅದೇ ಭಾಗವನ್ನು ಅಳೆದು ಓಕೆ, ರಿಜೆಕ್ಟ್ ಅಂತ ಟ್ರೇಗೆ ಹಾಕಿ ಹಾಕಿ ನನಗೆ ಸಾಕಾಗಿತ್ತು. ಇದನ್ನು ಅಮ್ಮನಿಗೆ ಹೇಳಲಿಲ್ಲ. ಓದಲು ಟೈಮ್ ಬೇಕಿತ್ತು ಅಂದೆ.

ಅಪ್ಪನ ತಲೆಯಲ್ಲಿ 13 ಲಕ್ಷವೇ ಕೂತಿತ್ತು. "ಯಾರಿಗೆ ಕಟ್ಟೋದು ಅದನ್ನ? ಏಜೆಂಟ್‌ಗಾ?"

ಯಾರಿಗೂ ಅಲ್ಲ ಅಂದೆ. ನನ್ನದೇ ಹೆಸರಲ್ಲಿ ಬ್ಲಾಕ್ಡ್ ಅಕೌಂಟ್ ತೆಗೆದು ಅದರಲ್ಲಿಡೋದು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ, ವರ್ಷಕ್ಕೆ 13,092. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ 13 ಲಕ್ಷದ ಮೇಲಾಗುತ್ತೆ. ದುಡ್ಡು ನನ್ನದೇ, ಆದರೆ ಒಟ್ಟಿಗೆ ಮುಟ್ಟುವ ಹಾಗಿಲ್ಲ. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ಇಷ್ಟಿಷ್ಟೇ ಬಿಡ್ತಾರೆ.

ಅಪ್ಪ ಜಗಲಿಗೆ ಹೋಗಿ ಉಗಿದು ಬಂದರು. "ಅಟ್ಟದ ಮೇಲಿನ ಕಾಯಿ ಇದ್ದಂಗೆ ಅನ್ನು."

ನಾನು ನಾಲ್ಕು ತಿಂಗಳಿಂದ ಕಂಡಕಂಡವರಿಗೆಲ್ಲ ವಿವರಿಸಲು ಒದ್ದಾಡಿದ್ದು ಇದನ್ನೇ. ನಮ್ಮ ಕಡೆ ಕೊಬ್ಬರಿ ಆಗೋದೇ ಹಾಗೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಕಳಚಿಕೊಳ್ಳಬೇಕು. ನಡುವೆ ದುಡ್ಡು ಬೇಕಾಯಿತು ಅಂತ ಇಳಿಸಿದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಅಪ್ಪನಿಗೆ ಆ ಬಿಸಿ ಬೇರೆ ಥರ ತಟ್ಟಿತ್ತು. 2025ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಅದರ ಎರಡು ಪಟ್ಟು ದಾಟಿ ಹೋಯಿತು. ಅಪ್ಪ ಅದಕ್ಕೆ ಮೊದಲೇ ಅಟ್ಟ ಖಾಲಿ ಮಾಡಿದ್ದರು. ಈಗಲೂ ಆ ಮಾತು ತೆಗೆದರೆ ಎದ್ದು ಹೊರಗೆ ಹೋಗುತ್ತಾರೆ.

"ನಿನ್ನ ಹತ್ರ ಎಷ್ಟೈತೆ?"

ಉಳಿತಾಯ ಹೇಳಿದೆ. ಪಿಎಫ್ ಹೇಳಿದೆ. ಪಿಎಫ್ ಸಿಕ್ಕಿಹಾಕಿಕೊಂಡಿತ್ತು. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಪಿಎಫ್ ದಾಖಲೆಯಲ್ಲಿ ಬರೀ ಇನಿಷಿಯಲ್. ತಿದ್ದಲು ಜಾಯಿಂಟ್ ಡಿಕ್ಲರೇಷನ್ ಹಾಕಿದ್ದೆ, ಕಂಪನಿಯವರು ಒಪ್ಪಿಗೆ ಕೊಡಬೇಕಿತ್ತು. ಎಚ್‌ಆರ್‌ನವರು 'ನಾಳೆ' ಅನ್ನುತ್ತಲೇ ಇದ್ದರು. ಒಂಬತ್ತು ವರ್ಷ ಇಲ್ಲದ ಅನುಮಾನ, ಕೆಲಸ ಬಿಟ್ಟ ಮಾರನೇ ದಿನ ಹುಟ್ಟಿಕೊಂಡಿತ್ತು.

"ನನ್ನ ಹೆಸ್ರಿಂದ ತೊಂದ್ರೆನಾ?" ಅಂದರು ಅಪ್ಪ. ಬೇಜಾರಾದರೋ ತಮಾಷೆ ಮಾಡಿದರೋ ಗೊತ್ತಾಗಲಿಲ್ಲ.

ಸಂಜೆ ಅಟ್ಟ ಹತ್ತಿದರು. ಹಿಂದೆ ನಾನೂ ಹತ್ತಿದೆ. ಗಳುಗಳ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಕಾಯಿಗಳು ಗೋಡೆವರೆಗೂ ಹರಡಿದ್ದವು. ಸಂದಿಯಿಂದ ಒಲೆಯ ಹೊಗೆ ಮೇಲೆ ಬರುತ್ತಿತ್ತು. ಅಪ್ಪ ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರು. ಆಮೇಲೆ ನನ್ನ ಕಿವಿಗೆ ಹಿಡಿದರು. ಒಣಗಿದ್ದರೆ ಉಂಡೆ ಚಿಪ್ಪಿಗೆ ಬಡಿದು ಗುಡುಗುಡು ಅನ್ನಬೇಕು. ಇದು ಕುಳುಕ್ ಅಂದಿತು.

"ಇನ್ನೂ ನೀರೈತೆ." ಕಾಯಿಯನ್ನು ಇದ್ದ ಜಾಗಕ್ಕೇ ಇಟ್ಟರು. ಇನ್ನೊಂದು ಎತ್ತಿದರು. ಅದೂ ಕುಳುಕ್ ಅಂದಿತು. "ಪರೀಕ್ಷೆ ಯಾವಾಗ?"

"ಮೂರು ತಿಂಗಳಿದೆ."

"ಎಲ್ಲಾ ಸೇರಿ ಎಷ್ಟು ಕಮ್ಮಿ ಬೀಳ್ತದೆ?"

"ನಾಲ್ಕು ಲಕ್ಷ."

ಅಪ್ಪ ಗೋಡೆವರೆಗೂ ಒಂದು ಸಲ ಕಣ್ಣಾಡಿಸಿದರು. ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುವಾಗ ಹಾಗೇ. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡರು.

"ನೀನು ಮೊದ್ಲು ಇಳಿ. ಇಳಿದು ಏಣಿ ಹಿಡ್ಕೊ."