ಮಾಜಾಂಗ್ ಬಿಲ್ಲೆಗಳ ಮುಂದೆ ಪ್ರಶ್ನೆ ಇಡುವ ಬಗೆ

ನಾಲ್ವರು ಕೂತು ಆಡುವ ಚೀನೀ ಆಟವಾದ ಮಾಜಾಂಗಿನ ಬಿಲ್ಲೆಗಳನ್ನು ಹರಡಿ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ನನಗಿದೆಯೆಂದು ತಿಳಿದವರಲ್ಲಿ ಹೆಚ್ಚಿನವರು ಇದನ್ನು ಸಾವಿರಾರು ವರ್ಷ ಹಳೆಯ ಚೀನೀ ವಿದ್ಯೆಯೆಂದೇ ಭಾವಿಸುತ್ತಾರೆ. ಆದರೆ ಆ ಆಟವೇ ಅಷ್ಟು ಹಳೆಯದಲ್ಲ. ಈಗಿನ ರೂಪದ ಮಾಜಾಂಗ್ 19ನೆಯ ಶತಮಾನದ ಉತ್ತರಾರ್ಧದಲ್ಲಿ, ನಿಂಗ್ಬೋ, ಶಾಂಘೈ ಮೊದಲಾದ ಊರುಗಳಿರುವ ಯಾಂಗ್‌ತ್ಸೆ ನದಿಯ ಕೆಳಬಯಲಿನಲ್ಲಿ ಬೆಳೆಯಿತು. ಕನ್‌ಫ್ಯೂಷಿಯಸ್ ಇದನ್ನು ರಚಿಸಿದನೆಂಬ ಮಾತು 1920ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟದ ಹುಚ್ಚು ಹಬ್ಬಿದ್ದಾಗ ಮಾರುವವರಿಗೆ ಒದಗಿಬಂದ ಕಟ್ಟುಕಥೆ. ಪ್ರಾಚೀನವೆಂದು ಹೇಳಿದ ಪೆಟ್ಟಿಗೆಗೆ ಬೆಲೆ ಹೆಚ್ಚು. ಕಣಿಯ ವಿಷಯದಲ್ಲೂ ಅದೇ ನಡೆದಿದೆ.

ಚೀನೀ ಸಮಾಜದಲ್ಲಿ ದೈವವನ್ನು ಕೇಳುವ ಹಳೆಯ ದಾರಿಗಳು ಬೇರೆಯೇ ಇವೆ. ಮೂರು ನಾಣ್ಯಗಳನ್ನು ಚಿಮ್ಮಿ 64 ರೇಖಾಕೃತಿಗಳಲ್ಲಿ ಒಂದನ್ನು ಕಟ್ಟಿಕೊಳ್ಳುವ ಯೀಚಿಂಗ್ ಪದ್ಧತಿ ಎಲ್ಲರೂ ಬಲ್ಲದ್ದು. ಹಾಂಗ್‌ಕಾಂಗ್‌ನ ವಾಂಗ್ ತಾಯ್ ಸಿನ್ ದೇವಾಲಯದಲ್ಲಿ ಭಕ್ತರು ಮಂಡಿಯೂರಿ, ಅಂಕೆ ಬರೆದ 100 ಬಿದಿರು ಕಡ್ಡಿಗಳ ಕೊಳವೆಯನ್ನು ಒಂದು ಕಡ್ಡಿ ಹೊರಬೀಳುವವರೆಗೆ ಅಲುಗಿಸುತ್ತಾರೆ. ಆಟದ ಬಿಲ್ಲೆಗಳನ್ನೇ ಕಣಿಗೆ ಬಳಸುವ ಪದ್ಧತಿಯೂ ಇಲ್ಲದಿಲ್ಲ; ಆದರೆ ಅದು ಚೀನೀ ದಾಮಿನೋ ಬಿಲ್ಲೆಗಳದು. 32 ಬಿಲ್ಲೆಗಳನ್ನು ಮೂರು ಸಲ ಹರಡಿ, ಬಂದ ಫಲಗಳನ್ನು ಕೂಡಿಸಿ, 125 ಪದ್ಯಗಳಲ್ಲಿ ಅದಕ್ಕೆ ಹೊಂದುವುದನ್ನು ಓದುತ್ತಾರೆ. ಮಾಜಾಂಗಿನಲ್ಲಿ ಎರಡು ವೃತ್ತಗಳ ಚಿತ್ರವಿರುವ ಬಿಲ್ಲೆಗೆ ಪೈನ್ ಮರ, ಐದು ವೃತ್ತಗಳದಕ್ಕೆ ಡ್ರ್ಯಾಗನ್ ಎಂದು ಅರ್ಥ ಹಚ್ಚುವ ಈಗಿನ ಪಟ್ಟಿಯಾದರೋ 1980ರ ದಶಕದ ಕೊನೆಯಲ್ಲಿ ಬಂದ ಒಂದು ಇಂಗ್ಲಿಷ್ ಪುಸ್ತಕದ ಮೂಲಕ ಜನಪ್ರಿಯವಾದುದು.

ಬಿಲ್ಲೆಗಳು ತಾವಾಗಿ ಹೇಳುವುದು ಹಣದ ಮಾತನ್ನು. ವೃತ್ತವೆಂದರೆ ನಡುವೆ ತೂತಿರುವ ತಾಮ್ರದ ಕಾಸು, ಬಿದಿರೆಂದರೆ ಅಂಥ ಕಾಸುಗಳನ್ನು ಪೋಣಿಸಿದ ಸರ, ಲಿಪಿಯಿರುವ ಬಿಲ್ಲೆಯೆಂದರೆ ಹತ್ತು ಸಾವಿರ. ಹಣದ ಚಿತ್ರವಿದ್ದ ಹಳೆಯ ಇಸ್ಪೀಟೆಲೆಗಳಿಂದ ಇಳಿದುಬಂದ ಈ ಮೂರು ಬಣಗಳಲ್ಲಿ ತಲಾ 36ರಂತೆ 108 ಬಿಲ್ಲೆಗಳಿವೆ. ತುಳುನಾಡಿನಲ್ಲೂ ಕೇರಳದಲ್ಲೂ ಅಷ್ಟಮಂಗಲ ಪ್ರಶ್ನೆಗೆ ಇಡುವ ಕವಡೆಗಳು 108 ಎಂಬುದು ಇಲ್ಲಿ ಯಾರಿಗಾದರೂ ನೆನಪಾದೀತು. ಇದು ಬರಿಯ ಕಾಕತಾಳೀಯ, ಇದರ ಮೇಲೆ ಏನನ್ನೂ ಕಟ್ಟಬೇಕಾಗಿಲ್ಲ. ಆದರೆ ಚೌಕಾಬಾರ ಆಡುವ ಕವಡೆಯೇ ಶಾಸ್ತ್ರ ಕೇಳುವ ಕವಡೆಯೂ ಆಗಿರುವುದನ್ನು ಕಂಡವರಿಗೆ ಆಟದ ಕಾಯಿಯ ಮುಂದೆ ಪ್ರಶ್ನೆ ಇಡುವುದು ವಿಚಿತ್ರವೆನಿಸಲಾರದು.

ಹೀಗಿರುವಾಗ ನಾನು ಬಿಲ್ಲೆಗಳಿಗೆ ಹಚ್ಚಿದ ಅರ್ಥಗಳ ಪಟ್ಟಿಯನ್ನು ಬದಿಗಿಟ್ಟು ಆಟದ ನಿಯಮವನ್ನೇ ಆಧಾರವಾಗಿ ಹಿಡಿದಿದ್ದೇನೆ. ಮಾಜಾಂಗಿನಲ್ಲಿ ಕೈಯಲ್ಲಿ 13 ಬಿಲ್ಲೆಗಳಿರುತ್ತವೆ. ತನ್ನ ಸರದಿ ಬಂದಾಗ, ಬೋರಲಾಗಿ ಜೋಡಿಸಿಟ್ಟ ಬಿಲ್ಲೆಗಳ ಸಾಲಾದ ‘ಗೋಡೆ’ಯಿಂದ ಒಂದನ್ನು ಎತ್ತಿಕೊಂಡವರು, ಆಟ ಗೆಲ್ಲದಿದ್ದರೆ, ಒಂದನ್ನು ಬಿಡಲೇಬೇಕು. ಏನು ಬರುತ್ತದೆಂಬುದು ಯಾರ ಕೈಯಲ್ಲೂ ಇಲ್ಲ, ಏನನ್ನು ಬಿಡಬೇಕೆಂಬುದು ಪೂರ್ತಿಯಾಗಿ ಆಡುವವರ ಕೈಯಲ್ಲಿದೆ. ಆದ್ದರಿಂದ ‘ನನಗೆ ಏನಾಗಲಿದೆ’ ಎಂಬ ಪ್ರಶ್ನೆಯನ್ನು ನಾನು ಇಡುವುದೇ ಇಲ್ಲ. ಆ ಮೂರು ಬಣಗಳ ಜೊತೆಗೆ ಗಾಳಿ, ಡ್ರ್ಯಾಗನ್, ಹೂವು, ಋತು ಎಂಬ ಬಿಲ್ಲೆಗಳೂ ಸೇರಿ ಒಟ್ಟು 144 ಬಿಲ್ಲೆಗಳನ್ನೂ ಬೋರಲು ಹಾಕಿ, ಎರಡೂ ಅಂಗೈಗಳಿಂದ ಚೆನ್ನಾಗಿ ಕಲಸಿ, ಐದನ್ನು ಆರಿಸಿ, ಒಂದನ್ನು ನಡುವೆಯೂ ಉಳಿದವನ್ನು ನಾಲ್ಕು ದಿಕ್ಕುಗಳಿಗೂ ಇಡುತ್ತೇನೆ. ನಡುವಿನದು ಪ್ರಶ್ನೆಯ ಸಾರ, ಪೂರ್ವದ್ದು ಮೊದಲಾಗುತ್ತಿರುವುದು, ದಕ್ಷಿಣದ್ದು ಹೊರಗೆ ಕಾಣುವುದು, ಪಶ್ಚಿಮದ್ದು ಮುಗಿಯುತ್ತಿರುವುದು, ಉತ್ತರದ್ದು ಒಳಗಿರುವುದು. ಅನಂತರ ಆರನೆಯದನ್ನು ಎತ್ತಿ, ಆರರಲ್ಲಿ ಒಂದನ್ನು ಮೇಜಿನಿಂದ ಹೊರಗಿಡಬೇಕು. 13ನ್ನೂ ಹರಡುವವರಿದ್ದಾರೆ, ಅಷ್ಟು ಬಿಲ್ಲೆಗಳಿದ್ದರೆ ಯಾವ ಪ್ರಶ್ನೆಗಾದರೂ ಬೇಕಾದ ಉತ್ತರವನ್ನು ಹೊಂದಿಸಿಬಿಡಬಹುದೆಂಬ ಕಾರಣಕ್ಕೆ ನಾನು ಆ ಗೋಜಿಗೆ ಹೋಗಿಲ್ಲ.

ಬಿಲ್ಲೆಗಳಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಂಡಿರುವವು ದಿಕ್ಕುಗಳ ಹೆಸರಿನ ನಾಲ್ಕು ಗಾಳಿಗಳು. ಮೇಜಿನ ನಾಲ್ಕು ಬದಿಗೆ ಕುಳಿತ ನಾಲ್ವರಿಗೆ ಒಂದೊಂದು ದಿಕ್ಕು. ಪೂರ್ವದವರ ಬಲಕ್ಕೆ ದಕ್ಷಿಣ, ಎದುರಿಗೆ ಪಶ್ಚಿಮ, ಎಡಕ್ಕೆ ಉತ್ತರ, ಅಂದರೆ ನಕ್ಷೆಯ ಕ್ರಮಕ್ಕೆ ತಿರುವುಮುರುವು. ತನ್ನ ದಿಕ್ಕಿನ ಗಾಳಿಯ ಮೂರು ಬಿಲ್ಲೆಗಳು ಕೂಡಿದರೆ ಅದಕ್ಕೆ ವಿಶೇಷ ಬೆಲೆ ಸಿಗುತ್ತದೆ. ಬೇರೊಬ್ಬರ ದಿಕ್ಕಿನ ಗಾಳಿ, ಆ ಸುತ್ತಿನ ಗಾಳಿಯೂ ಅದೇ ಆಗಿರದಿದ್ದರೆ, ಹೆಚ್ಚಿನ ಸಲ ಕೈಗೆ ಭಾರವಷ್ಟೇ. ಪೂರ್ವದವರು ಸೋತಾಗ ದಿಕ್ಕುಗಳು ಸರಿಯುತ್ತವೆ, ನಿನ್ನೆಯ ಭಾರ ಇಂದಿನ ಬೆಲೆಯಾಗುತ್ತದೆ. ಪ್ರಶ್ನೆ ಇಟ್ಟಾಗ ಪೂರ್ವದ ಸ್ಥಾನದಲ್ಲಿ ಉತ್ತರದ ಗಾಳಿ ಬಂದರೆ ನಾನು ಕೇಳಿಕೊಳ್ಳುವುದು ಒಂದನ್ನೇ: ಈ ಆಸೆ ನನ್ನದೋ, ಪಕ್ಕದಲ್ಲಿ ಕುಳಿತವರದೋ?

ನನ್ನ ತಂಗಿಗೆ ಕಳೆದ ವರ್ಷ ಬಡ್ತಿಯೊಂದಿಗೆ ಪುಣೆಗೆ ವರ್ಗವಾಗುವ ಅವಕಾಶ ಬಂದಿತ್ತು. ಅವಳು ಬಿಲ್ಲೆಗಳನ್ನು ನಂಬುವವಳಲ್ಲ, ಆದರೂ ಕುಳಿತಳು. ನಡುವೆ ಬಿಳಿ ಡ್ರ್ಯಾಗನ್ ಎಂಬ ಬಿಲ್ಲೆ ಬಿತ್ತು. ಕೆಲವು ಪೆಟ್ಟಿಗೆಗಳಲ್ಲಿ ಇದಕ್ಕೆ ನೀಲಿ ಚೌಕಟ್ಟಿರುತ್ತದೆ, ನನ್ನದರಲ್ಲಿ ಅದು ಪೂರ್ತಿ ಖಾಲಿ. “ಅಕ್ಕ, ಇದರಲ್ಲಿ ಏನೂ ಇಲ್ಲವಲ್ಲ!” ಎಂದು ನಕ್ಕಳು. ಪೂರ್ವಕ್ಕೆ ಒಂಬತ್ತು ಲಿಪಿ, ಅಂದರೆ ತೊಂಬತ್ತು ಸಾವಿರ. ದಕ್ಷಿಣಕ್ಕೆ ಗುರಿ ತಾಗಿದ ಬಾಣವೆಂದು ಹೇಳುವ ಕೆಂಪು ಡ್ರ್ಯಾಗನ್. ಪಶ್ಚಿಮಕ್ಕೆ ಹಕ್ಕಿಯ ಚಿತ್ರವಿರುವ ಒಂದು ಬಿದಿರು. ಉತ್ತರಕ್ಕೆ ದಕ್ಷಿಣದ ಗಾಳಿ. ಆರನೆಯದಾಗಿ ಎತ್ತಿದ್ದು ಎರಡು ವೃತ್ತ. ಯಾವುದನ್ನು ಬಿಡುತ್ತೀಯೆಂದು ಕೇಳಿದಾಗ ಅವಳ ಕೈ ಮೊದಲು ಹಕ್ಕಿಯ ಮೇಲೆ ಹೋಯಿತು, ಹಿಂದೆ ಸರಿಯಿತು, ಬಹಳ ಹೊತ್ತಿನ ಮೇಲೆ ಕೆಂಪು ಬಿಲ್ಲೆಯನ್ನು ಬೆರಳ ತುದಿಯಿಂದ ಮೇಜಿನ ಅಂಚಿಗೆ ತಳ್ಳಿತು. “ಹಣ ಬೇಕು, ಕುರ್ಚಿ ಬೇಡ” ಎಂದಳು. ಮನೆಯಲ್ಲಿ ಅಷ್ಟು ದಿನ ನಡೆದ ಚರ್ಚೆಯಲ್ಲಿ ಆ ಎರಡನ್ನೂ ಯಾರೂ ಬೇರೆ ಬೇರೆಯಾಗಿ ಎತ್ತಿರಲಿಲ್ಲ. ಮರುದಿನ ಅವಳು ಬಡ್ತಿಯನ್ನು ನಿರಾಕರಿಸಿ, ಇರುವ ಹುದ್ದೆಯಲ್ಲೇ ಸಂಬಳ ಹೆಚ್ಚಿಸಬೇಕೆಂದು ಪತ್ರ ಬರೆದಳು. ಕಚೇರಿ ಏನು ಮಾಡಿತೆಂಬುದು ಬಿಲ್ಲೆಗಳ ವ್ಯಾಪ್ತಿಗೆ ಬರುವ ವಿಷಯವಲ್ಲ.

ಹೂವಿನ ಬಿಲ್ಲೆ ಬಂದರೆ ದೊಡ್ಡ ಶುಭವೆಂದು ಹಿಗ್ಗುವವರಿಗೆ ಒಂದು ಲೆಕ್ಕ ಹೇಳಬೇಕು. ಹೂವು, ಋತು ಎರಡೂ ಸೇರಿ ಎಂಟು ಬಿಲ್ಲೆಗಳಿವೆ. ಐದು ಎತ್ತಿದರೆ ಅವುಗಳಲ್ಲಿ ಒಂದಾದರೂ ಬರುವ ಸಂಭವ ಸುಮಾರು ನಾಲ್ಕರಲ್ಲಿ ಒಂದು. ಆಟದಲ್ಲಿ ಇವನ್ನು ಪಕ್ಕಕ್ಕಿಟ್ಟು ಬದಲಿಗೆ ಇನ್ನೊಂದನ್ನು ಎತ್ತುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ, ಅರ್ಥ ಹುಡುಕುವುದಿಲ್ಲ. ಕಾಯಿಲೆ, ಕೋರ್ಟು ಕಚೇರಿ, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂಬುದು, ಇವುಗಳ ಬಗ್ಗೆ ಯಾರೇ ಕೇಳಿದರೂ ಬಿಲ್ಲೆ ಹರಡುವುದಿಲ್ಲ, ಏಕೆಂದರೆ ಅಲ್ಲಿ ಕೇಳುವವರ ಕೈಯಲ್ಲಿ ಬಿಡಲು ಏನೂ ಇರುವುದಿಲ್ಲ. ಬಂದ ಉತ್ತರ ಹಿಡಿಸಲಿಲ್ಲವೆಂದು ಅದೇ ಪ್ರಶ್ನೆಯನ್ನು ಕೂಡಲೇ ಮತ್ತೆ ಇಡುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಆಟದಲ್ಲಿ ಬಿಟ್ಟ ಬಿಲ್ಲೆಯನ್ನು ಬೇಕಾದರೆ ಬೇರೆಯವರು ಎತ್ತಿಕೊಳ್ಳಬಹುದು, ಬಿಟ್ಟವರು ಮರಳಿ ಪಡೆಯುವಂತಿಲ್ಲ.