ಎಷ್ಟು ಕೊಡ್ತಾರೆ ಅಂತ ಕೇಳೋರಿಗೆಲ್ಲ

ಕೊಡಲ್ಲ. ಒಂದು ರೂಪಾಯೀನೂ ಕೊಡಲ್ಲ. ಇಷ್ಟು ತಿಳ್ಕೊಳ್ಳೋಕೆ ಬಂದೋರು ಇಲ್ಲಿಗೇ ವಾಪಸ್ ಹೋಗ್ಬಹುದು, ಒಲೆ ಮೇಲೆ ಹಾಲಿಟ್ಟಿದ್ರೆ ನೋಡ್ಕೊಳ್ಳಿ.

ಮಿಕ್ಕೋರಿಗೆ ವಿಷಯ ಹೇಳ್ತೀನಿ. ನಮ್ಮನೇಲಿ, ಬಸವನಗುಡಿಲಿ, ಒಬ್ಳು ಜರ್ಮನ್ ಹುಡುಗಿ ಆರು ತಿಂಗಳ ಮೇಲೆ ಇದ್ಲು. ಹದಿನಾರು ವರ್ಷ, ಎಕ್ಸ್‌ಚೇಂಜ್ ಸ್ಟೂಡೆಂಟು. ಅಂದ್ರೆ ಅಲ್ಲಿನ ಮಕ್ಕಳು ಒಂದು ವರ್ಷ ಇಲ್ಲಿಗೆ ಬರ್ತಾರೆ, ಇಲ್ಲಿನವರು ಅಲ್ಲಿಗೆ ಹೋಗ್ತಾರೆ, ಹಾಸ್ಟೆಲ್ಲಲ್ಲಿ ಅಲ್ಲ, ಯಾರದ್ದೋ ಮನೇಲಿ ಮನೆ ಮಕ್ಕಳ ಥರ ಇದ್ಕೊಂಡು ಕಾಲೇಜಿಗೆ ಹೋಗ್ತಾರೆ, ವರ್ಷದಲ್ಲಿ ಎರಡೋ ಮೂರೋ ಮನೆ ಬದಲಾಯಿಸ್ತಾರೆ. ಇವಳು ಮೊದಲು ಜಯನಗರದಲ್ಲಿದ್ಲು, ಕಡಲೆಕಾಯಿ ಪರಿಷೆ ವಾರ ನಮ್ಮನೆಗೆ ಬಂದ್ಲು, ಜೂನಲ್ಲಿ ಊರಿಗೆ ಹೋದ್ಲು. ಹೆಸರು ಬೇಡ ಬಿಡಿ. ನಮ್ಮತ್ತೆಗೆ ಆ ಹೆಸರು ಬಾಯಿಗೇ ಬರ್ಲಿಲ್ಲ, ಮೊದಲ್ನೇ ದಿನವೇ ಪುಟ್ಟಿ ಅಂತ ಕರೆದ್ರು, ಅದೇ ಉಳೀತು. ಐದು ಅಡಿ ಹನ್ನೊಂದು ಇಂಚಿನ ಪುಟ್ಟಿ. ನಮ್ಮ ದೇವರ ಮನೆ ಬಾಗ್ಲಿಗೆ ಎಷ್ಟು ಸಲ ಹಣೆ ಚಚ್ಕೊಂಡ್ಲೋ ಲೆಕ್ಕ ಇಟ್ಟಿಲ್ಲ.

ಈಗ ಆ ಪ್ರಶ್ನೆ, ಇವಳನ್ನ ಮನೇಲಿ ಇಟ್ಕೊಂಡಿದ್ದಕ್ಕೆ ನಮಗೆ ಎಷ್ಟು ಕೊಡ್ತಾರೆ ಅಂತ. ಕೇಳೋದು ತಪ್ಪಲ್ಲ, ಕೇಳೋ ರೀತಿ ಇದ್ಯಲ್ಲ, ಅದು. ನೇರವಾಗಿ ಯಾರೂ ಕೇಳಲ್ಲ. "ಏನೋ ಒಂದು ಕೊಡ್ತಾರೆ ಅಲ್ವಾ?" ಅಂತಾರೆ, ಆ 'ಏನೋ ಒಂದು' ಅನ್ನೋದನ್ನ ಸ್ವಲ್ಪ ಎಳೆದು, ಕಣ್ಣು ಸಣ್ಣಗೆ ಮಾಡಿ. ಇಲ್ಲ ಅಂದ್ರೆ, "ಯಾಕೆ ಮತ್ತೆ?" ಈ ಯಾಕೆ ಮತ್ತೆಗೆ ನನ್ ಹತ್ರ ಉತ್ತರ ಇಲ್ಲ. ಪಕ್ಕದ ರಸ್ತೆಯೋರೊಬ್ರು, ಪ್ರತಿ ಗುರುವಾರ ರಾಯರ ಮಠದಲ್ಲಿ ಸಿಗೋರು, "ಯೂರೋದಲ್ಲೇ ಹಾಕ್ತಾರಾ, ಇಲ್ಲ ಇಲ್ಲಿ ಬದಲಾಯಿಸಿ ಕೊಡ್ತಾರಾ?" ಅಂತ ಕೇಳಿದ್ರು, ಅಂದ್ರೆ ಕೊಡ್ತಾರೆ ಅನ್ನೋದು ಅವರ ತಲೇಲಿ ಆಗ್ಲೇ ಇತ್ಯರ್ಥ ಆಗೋಗಿತ್ತು.

ಎಲ್ಲಕ್ಕಿಂತ ಜೋರು ಒಂದು ಮದುವೆ ಛತ್ರದ್ದು. ಫೆಬ್ರವರಿ, ಎರಡ್ನೇ ಪಂಕ್ತಿ. ಎಲೆ ಮುಂದೆ ನಾನು, ಪುಟ್ಟಿ, ಆಕಡೆ ನಮ್ಮ ಯಜಮಾನ್ರ ಕಡೆಯ ದೂರದ ನೆಂಟರೊಬ್ರು. ಹೋಳಿಗೆ ಬಂತು, ತುಪ್ಪ ಬಂತು. ಅವರು ಪುಟ್ಟಿ ತಲೆ ಮೇಲಿಂದ ನನ್ ಕಡೆ ಬಗ್ಗಿ, ಅವಳಿಗೆಲ್ಲಿ ಕನ್ನಡ ಬರುತ್ತೆ ಅಂದ್ಕೊಂಡು, "ಇವಳಿಂದ ತಿಂಗಳಿಗೆ ಎಷ್ಟು ಬರುತ್ತಮ್ಮ?" ಅಂದ್ರು. ಹಸು ದಿನಕ್ಕೆ ಎಷ್ಟು ಲೀಟರ್ ಕೊಡುತ್ತೆ ಅಂತ ವಿಚಾರಿಸೋ ಧ್ವನಿ. ನಾನು ಬಾಯಿ ತೆರೆಯೋಕೆ ಮುಂಚೆ ಪುಟ್ಟಿ ಹೋಳಿಗೆಯಿಂದ ತಲೆ ಎತ್ತಿ, "ನಾನು ಏನೂ ಕೊಡಲ್ಲ ಅಂಕಲ್, ಬರೀ ತಿಂತೀನಿ" ಅಂದ್ಲು. ಬಡಿಸ್ತಿದ್ದ ಹುಡುಗ ನಕ್ಕು ಇನ್ನೆರಡು ಹೋಳಿಗೆ ಹಾಕಿ ಹೋದ. ಅಂಕಲ್ಲು ಆಮೇಲೆ ಪೂರ್ತಿ ಊಟ ಕಿಟ್ಟೆಲ್ ಬಗ್ಗೆ ಮಾತಾಡಿದ್ರು. ಇದೊಂದು ಬೇರೆ. ಜರ್ಮನಿ ಅಂದ ತಕ್ಷಣ ನಮ್ಮ ಜನ ಕಿಟ್ಟೆಲ್‌ಗೆ ಹೋಗ್ತಾರೆ, 1894ರಲ್ಲೇ ನಿಘಂಟು ಮಾಡಿದ್ರು ಕಣಮ್ಮ ನಿಮ್ಮೋರು ಅಂತ. ಆ ಹುಡುಗಿ ಇಲ್ಲಿಗೆ ಬರೋ ತನಕ ಆ ಹೆಸರೇ ಕೇಳಿರ್ಲಿಲ್ಲ, ಮಾರ್ಚ್ ಹೊತ್ತಿಗೆ ಅವಳೇ ಮೊದಲು ಹೇಳಿಬಿಡ್ತಿದ್ಲು, "ಹೌದು, ಕಿಟ್ಟೆಲ್, ಗೊತ್ತು" ಅಂತ, ಮಾತು ಬೇಗ ಮುಗೀಲಿ ಅಂತ.

ಲೆಕ್ಕ ಬೇಕೇ ಬೇಕು ಅನ್ನೋರಿಗೆ ಲೆಕ್ಕ. ಈ ಎಕ್ಸ್‌ಚೇಂಜ್ ನಡೆಸೋ ಕ್ಲಬ್ಬಿನೋರು ಅವಳಿಗೆ ತಿಂಗಳಿಗೆ ಸ್ವಲ್ಪ ಪಾಕೆಟ್ ಮನಿ ಕೊಡ್ತಿದ್ರು. ಅವಳಿಗೆ. ನನಗಲ್ಲ. ನಮಗೆ ಬಂದಿದ್ದು ಸಿ ಫಾರಂ, ಅಂದ್ರೆ ವಿದೇಶದೋರು ಮನೇಲಿ ಉಳ್ಕೊಂಡ್ರೆ 24 ಗಂಟೆ ಒಳಗೆ ತುಂಬಿ ಕಳಿಸ್ಬೇಕಾದ್ದು, ಅದನ್ನ ನಮ್ಮ ಯಜಮಾನ್ರು ರಾತ್ರಿ ಹನ್ನೊಂದಕ್ಕೆ ಕೂತು ತುಂಬಿದ್ರು. ಆಮೇಲೆ ಬಂದಿದ್ದು ಮೂರನೇ ಹಾಲಿನ ಪ್ಯಾಕೆಟ್ಟು, ಮತ್ತೆ ಅರ್ಧ ಗಂಟೆ ಸ್ನಾನ, ಅದು ಎರಡು ವಾರದಲ್ಲಿ ಒಂದು ಬಕೆಟ್ಟಿಗೆ ಇಳೀತು, ಯಾಕಂದ್ರೆ ಟ್ಯಾಂಕರ್ ಬಂದಾಗ ಅವಳನ್ನೇ ಕರ್ಕೊಂಡ್ಹೋಗಿ ದುಡ್ಡು ಕೊಡೋದನ್ನ ತೋರಿಸ್ದೆ. ಇನ್ನೊಂದು ಸಾಲು ಇದೆ ಲೆಕ್ಕದಲ್ಲಿ. ನನ್ ಮಗಳು ಅದೇ ವರ್ಷ ಡೆನ್ಮಾರ್ಕಲ್ಲಿ ಇನ್ಯಾರದ್ದೋ ಮನೇಲಿದ್ಲು. ಆ ಮನೆಯಾಕೆ ನನಗೆ ವಾಟ್ಸಾಪಲ್ಲಿ ಚಿತ್ರಾನ್ನದ ಫೋಟೋ ಕಳಿಸಿ, ಇಷ್ಟು ಹಳದಿ ಸಾಕಾ ಅಂತ ಕೇಳಿದ್ರು. ಅವರಿಗೆ ನಾನೆಷ್ಟು ಕೊಟ್ಟೆ ಅಂತ ಯಾರೂ ಕೇಳ್ಲಿಲ್ಲ ನೋಡಿ. ನಾನೇನು ದೊಡ್ಡ ತ್ಯಾಗ ಮಾಡ್ದೆ ಅಂತ ಹೇಳ್ತಿಲ್ಲ, ಮುಯ್ಯಿಗೆ ಮುಯ್ಯಿ, ಅಷ್ಟೇ.

ಎರಡ್ನೇ ಪ್ರಶ್ನೆ, ಪರವಾಗಿಲ್ಲ ಅನ್ನೋ ಮಟ್ಟದ್ದು, ಏನೇನ್ ತೋರಿಸಿದ್ರಿ ಅಂತ. ಮೈಸೂರು ಎಲ್ಲರೂ ತೋರಿಸ್ತಾರೆ. ನಾವು ಏಪ್ರಿಲಲ್ಲಿ ಹಂಪಿಗೆ ಹೋದ್ವಿ, ಏಪ್ರಿಲಲ್ಲಿ ಹಂಪಿಗೆ ಯಾರಾದ್ರೂ ಹೋಗ್ತಾರಾ ಅಂತ ಕೇಳ್ಬೇಡಿ, ಜೂನಲ್ಲಿ ಹೊರಡೋಳಿಗೆ ಅಕ್ಟೋಬರ್ ಎಲ್ಲಿಂದ ತರ್ಲಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಹೊಸಪೇಟೆಲಿ ಇಳಿದ್ವಿ. ವಿಠ್ಠಲ ದೇವಸ್ಥಾನದ ಟಿಕೆಟ್ ಕೌಂಟರಲ್ಲಿ ನಮಗೆ 40, ಅವಳಿಗೆ 600. ಪುಟ್ಟಿ ಮುಖ ಕೆಂಪಾಯ್ತು. "ಸಾರ್, ನಾನು ಬಸವನಗುಡಿ" ಅಂದ್ಲು. ಕೌಂಟರಲ್ಲಿದ್ದೋರು ಒಳ್ಳೇ ಮನುಷ್ಯ, ಖುಷಿಯಾಗಿ ನಕ್ಕು, "ಬಸವನಗುಡಿ ಇರ್ಲಿ ಬಿಡಮ್ಮ, ಪಾಸ್‌ಪೋರ್ಟ್ ಎಲ್ಲೀದು?" ಅಂದ್ರು. ಅವಳು ಪರ್ಸಿಂದ ಐವತ್ತರ ನೋಟು ತೆಗೆದು, ಅದರ ಹಿಂದೆ ಕಲ್ಲಿನ ರಥ ಇದ್ಯಲ್ಲ, ಅದನ್ನ ಗಾಜಿಗೆ ಒತ್ತಿ ಹಿಡಿದು, "ಇದ್ರಲ್ಲಿ ಐವತ್ತಕ್ಕೇ ಕಾಣುತ್ತೆ" ಅಂದ್ಲು. ಕ್ಯೂನಲ್ಲಿ ಹಿಂದೆ ಇದ್ದೋರೆಲ್ಲ ನಗೋಕೆ ಶುರು ಮಾಡಿದ್ರು, ನಾನೇ ಆರ್ನೂರು ಕೊಟ್ಟು ಒಳಗೆ ಎಳ್ಕೊಂಡ್ಹೋದೆ.

ಅದರ ಸೇಡು ನಮ್ಮ ಮೇಲೆ ತೀರಿಸ್ಕೊಂಡ್ಲು. ಆರ್ನೂರು ರೂಪಾಯಿದು ಪೂರ್ತಿ ನೋಡ್ಬೇಕು ಅಂತ ಕಂಬ ಕಂಬಾನೂ ನಿಂತು ನೋಡಿದ್ಲು. ಅದೇ ಟಿಕೆಟಲ್ಲಿ ಅದೇ ದಿನ ಕಮಲ ಮಹಲಿನ ಆವರಣಾನೂ ಕಮಲಾಪುರದ ಮ್ಯೂಸಿಯಮ್ಮೂ ನೋಡ್ಬಹುದು ಅಂತ ಬೋರ್ಡಲ್ಲಿ ಓದ್ಕೊಂಡ್ಲು, ಮುಗೀತು ನಮ್ ಕಥೆ. ನಮ್ಮ ಯಜಮಾನ್ರು ಮಧ್ಯಾಹ್ನ ಒಂದೂವರೆಗೆ ಒಂದು ಮರದ ಕೆಳಗೆ ಟವೆಲ್ ಹಾಸಿ ಮಲಗಿಬಿಟ್ರು, ನಾನು ಎಳನೀರು ಹಿಡ್ಕೊಂಡು ಅವಳ ಹಿಂದೆ. ನಿಜ ಹೇಳ್ಬೇಕು ಅಂದ್ರೆ ಆವತ್ತು ಅವಳು ನಮ್ಮೋಳೇ ಅನ್ನಿಸ್ತು. ಕೊಟ್ಟ ಕಾಸಿಗೆ ಪೂರ್ತಿ ವಸೂಲಿ ಮಾಡೋದು ಬಸವನಗುಡಿ ಅಲ್ದೆ ಇನ್ನೇನು.

ಮೇ ಮೊದಲಲ್ಲಿ ಇವರನ್ನೆಲ್ಲ, ಬ್ರೆಜಿಲ್, ಮೆಕ್ಸಿಕೋ, ಫ್ರಾನ್ಸ್ ಮಕ್ಕಳನ್ನೆಲ್ಲ ಒಟ್ಟಿಗೆ, ಉತ್ತರ ಭಾರತದ ಟೂರಿಗೆ ಕರ್ಕೊಂಡ್ಹೋದ್ರು. ದೆಹಲಿ, ಆಗ್ರಾ, ಜೈಪುರ, ಕಾಶಿ. ತಾಜ್ ಮಹಲ್ ಬಗ್ಗೆ ಬಂದು ಹೇಳಿದ್ದು ಒಂದೇ ಮಾತು, "ಬಿಸಿ". ಆದ್ರೆ ಕಾಶಿಯಿಂದ ನಮ್ಮತ್ತೆಗೆ ಅಂತ ಒಂದು ಗಂಗಾಜಲದ ಥಾಲಿ ತಂದಿದ್ಲು. ಗೊತ್ತಲ್ವಾ, ತಾಮ್ರದ ಪುಟ್ಟ ಗಿಂಡಿ, ಬಾಯಿಗೆ ಬೆಸುಗೆ ಹಾಕಿರ್ತಾರೆ. ಅಂಗಡೀಲಿ ನೋಡೋಕೆ ಮುದ್ದಾಗಿತ್ತಂತೆ, ಅಜ್ಜಿಗೆ ಇಷ್ಟ ಆಗ್ಬಹುದು ಅಂತ ತಗೊಂಡ್ಲಂತೆ. ಅದು ಮನೇಲಿ ಯಾವ ಹೊತ್ತಿಗೆ ಒಡೆಯೋದು ಅಂತ ಅವಳಿಗೇನು ಗೊತ್ತು. ನಾನು ಉಸಿರು ಬಿಗಿ ಹಿಡ್ಕೊಂಡು ನಿಂತಿದ್ದೆ. ನಮ್ಮತ್ತೆ ಎರಡೂ ಕೈಲಿ ಇಸ್ಕೊಂಡು, ಕಣ್ಣಿಗೊತ್ಕೊಂಡು, "ಬಾಳ ಚೆನ್ನಾಗಿದೆ ಪುಟ್ಟಿ, ನನಗೆ ಇದು ಬೇಕಾಗಿತ್ತು" ಅಂದ್ರು. ಈಗ ಅದು ದೇವರ ಮನೆ ಗೂಡಲ್ಲಿದೆ. ಒಂದಿನ ಅವಳೇ ಕೇಳಿದ್ಲು, ಯಾಕೆ ಓಪನ್ ಮಾಡಲ್ಲ ಅಂತ. ಅವಸರ ಇಲ್ಲ ಅಂದ್ರು ನಮ್ಮತ್ತೆ.

ನನ್ನ ಕೇಳ್ಬೇಕಾಗಿದ್ದ ಪ್ರಶ್ನೆ ಯಾವುದು ಗೊತ್ತಾ? ಜಗಳ ಆಡಿದ್ರಾ ಅಂತ. ಯಾರೂ ಕೇಳ್ಲಿಲ್ಲ. ಆಡಿದ್ವಿ. ಜೋರಾಗೇ ಆಡಿದ್ವಿ.

ಇದು ಆ ಟೂರಿಗೆ ಮುಂಚಿನ ಮಾತು, ಮಾರ್ಚ್. ಇವಳು, ಮೆಕ್ಸಿಕೋದವಳು ಮತ್ತೆ ಇನ್ನಿಬ್ರು ಸೇರ್ಕೊಂಡು ಗೋಕರ್ಣಕ್ಕೆ ಹೋಗ್ಬೇಕು ಅಂತ ಬಸ್ ಟಿಕೆಟ್ ನೋಡ್ಕೊಂಡಿದ್ರು, ದೊಡ್ಡೋರು ಯಾರೂ ಇಲ್ದೆ. ಇವರಿಗೆಲ್ಲ ರೂಲ್ಸ್ ಇರುತ್ತೆ. ಕುಡಿಯೋ ಹಾಗಿಲ್ಲ, ಗಾಡಿ ಓಡಿಸೋ ಹಾಗಿಲ್ಲ, ಡ್ರಗ್ಸು ಡೇಟಿಂಗು ಎರಡೂ ಇಲ್ಲ, ಕೇಳ್ದೆ ಊರು ಬಿಟ್ಟು ಹೋಗೋ ಹಾಗಿಲ್ಲ. ನಾನು ಆಗಲ್ಲ ಅಂದೆ. ಜರ್ಮನೀಲಿ ನಾನು ಹದಿನಾಲ್ಕಕ್ಕೇ ಟ್ರೈನಲ್ಲಿ ಒಬ್ಳೇ ಹೋಗ್ತಿದ್ದೆ ಅಂದ್ಲು. ಇದು ಜರ್ಮನಿ ಅಲ್ಲ ಅಂದೆ. ಅಡುಗೆಮನೆ, ಕುಕ್ಕರ್ ಎರಡ್ನೇ ವಿಷಲ್ಲು. ಅವಳು ಕೈಲಿದ್ದ ಲೋಟ ಕಟ್ಟೆ ಮೇಲೆ ಕುಕ್ಕಿ, "ನೀವು ನನ್ನ ಅಮ್ಮ ಅಲ್ಲ!" ಅಂತ ಕಿರುಚಿದ್ಲು, ಕನ್ನಡದಲ್ಲಿ.

ಬೇಜಾರಾಯ್ತಾ ಅಂದ್ರೆ ಆಯ್ತು. ಆದ್ರೆ ಅದಕ್ಕಿಂತ ಮುಂಚೆ ಕಿವಿಗೆ ಬಿದ್ದಿದ್ದು ಆ 'ಅಲ್ಲ'. ಈ ಹುಡುಗಿಗೆ ಬಂದಾಗಿಂದ ಅಲ್ಲಕ್ಕೂ ಇಲ್ಲಕ್ಕೂ ವ್ಯತ್ಯಾಸ ಹತ್ತಿರ್ಲಿಲ್ಲ. ಹಸಿವು ಅಲ್ಲ ಆಂಟಿ. ಇದು ನನ್ನ ಚಪ್ಪಲಿ ಇಲ್ಲ. ತಿಂಗಳುಗಟ್ಲೆ ತಿದ್ದಿ ತಿದ್ದಿ ಸೋತಿದ್ದೆ. ನನ್ ತಲೇಲಿ ಅದು ಓಡ್ತಿರೋವಾಗ್ಲೇ ಒಳಗಿಂದ ನಮ್ಮತ್ತೆ ಧ್ವನಿ ಬಂತು, "ಈಗ ಸರಿಯಾಗಿ ಹೇಳಿದ್ಲು ನೋಡು." ಅವಳಿಗೆ ಅರ್ಥ ಆಗೋಕೆ ಒಂದು ನಿಮಿಷ ಬೇಕಾಯ್ತು. ಆಮೇಲೆ ಅಳು, ನಗು, ಎರಡೂ ಒಟ್ಟಿಗೆ, ಕುಕ್ಕರ್ ಏಳ್ನೇ ವಿಷಲ್ಲು, ಬೇಳೆ ಗೊಜ್ಜಾಗೋಗಿತ್ತು. ಗೋಕರ್ಣಕ್ಕೆ ಕಳಿಸ್ಲಿಲ್ಲ. ಎರಡು ದಿನ ಮಾತು ಬಿಟ್ಲು. ಮೂರ್ನೇ ದಿನ ಲಾಲ್‌ಬಾಗಿಗೆ ವಾಕಿಂಗ್ ಹೋಗ್ತಾ ಕೃಂಬಿಗಲ್ ರಸ್ತೆ ಬೋರ್ಡು ನೋಡಿ, ಇದು ಹಾಗಲ್ಲ, ಕ್ರುಂಬೀಗೆಲ್ ಅಂತ ಹೇಳ್ಬೇಕು ಅಂತ ನನ್ನನ್ನ ತಿದ್ದಿದ್ಲು, ಅಲ್ಲಿಗೆ ರಾಜಿ ಆಯ್ತು. ಲಾಲ್‌ಬಾಗ್ ನೋಡ್ಕೊಂಡಿದ್ದ ಆ ಜರ್ಮನ್ ಮನುಷ್ಯ ಬೆಂಗಳೂರು ಬಿಟ್ಟು ಹೋಗ್ಲೇ ಇಲ್ಲ, 1956ರಲ್ಲಿ ಇಲ್ಲೇ ತೀರ್ಕೊಂಡ ಅಂತ ಹೇಳ್ದೆ. ಅವನ ಆಂಟಿ ಅವನನ್ನ ಗೋಕರ್ಣಕ್ಕೆ ಕಳಿಸಿದ್ರಾ ಅಂತ ಕೇಳಿದ್ಲು.

ಜೂನ್ ಬಂತು. ಹೊರಡೋ ಹಿಂದಿನ ದಿನ ಸೂಟ್‌ಕೇಸ್ ತೂಗೋ ಸಂಭ್ರಮ. 23 ಕೆಜಿ ಲಿಮಿಟ್ಟು. ನಾನು ಸೂಟ್‌ಕೇಸ್ ಅಪ್ಪಿ ಹಿಡ್ಕೊಂಡು ತೂಕದ ಮಷೀನ್ ಮೇಲೆ ನಿಂತ್ಕೊಳ್ಳೋದು, ಆಮೇಲೆ ಬರೀ ನಾನು ನಿಂತ್ಕೊಳ್ಳೋದು, ಕಳೆಯೋದು, ನನ್ ತೂಕ ಇಡೀ ಮನೆಗೆ ಮೂರು ಸಲ ಗೊತ್ತಾಯ್ತು. 26 ಬಂತು. ಕಾರಣ ಒಂದು ಕಲ್ಲಿನ ಕುಟ್ಟಾಣಿ, ಬಿಡಲ್ಲ ಅಂತ ಹಟ. ಕೊನೆಗೆ ಬ್ಲೇಜರ್ ಹೊರಗೆ ಬಂತು, ಅದನ್ನ ಮೈಮೇಲೆ ಹಾಕ್ಕೊಂಡೇ ಹೋಗೋದು ಅಂತ ಆಯ್ತು.

ಈ ಬ್ಲೇಜರ್ ಬಗ್ಗೆ ಹೇಳ್ಬೇಕು. ಎಕ್ಸ್‌ಚೇಂಜ್ ಮಕ್ಕಳಿಗೆಲ್ಲ ಒಂದೊಂದು ಇರುತ್ತೆ, ಸಿಕ್ಕಿದೋರ ಹತ್ರ ಎಲ್ಲ ಪಿನ್ ಬದಲಾಯಿಸ್ಕೊಂಡು ಅದರ ಮೇಲೆ ಚುಚ್ಕೋತಾರೆ, ಬಾವುಟ, ಊರಿನ ಲಾಂಛನ, ಗೊಂಬೆ, ಏನೇನೋ. ವರ್ಷದ ಕೊನೇಲಿ ಬಟ್ಟೆ ಕಾಣಲ್ಲ, ನಡೆದ್ರೆ ಎತ್ತಿನ ಕೊರಳ ಗೆಜ್ಜೆ ಥರ ಸದ್ದು. ನಮ್ಮತ್ತೆ ಅದನ್ನ ತೊಡೆ ಮೇಲೆ ಹಾಕ್ಕೊಂಡು ಒಂದೊಂದೇ ಮುಟ್ಟಿ, ಇದ್ಯಾರದ್ದು ಇದ್ಯಾರದ್ದು ಅಂತ ಕೇಳಿದ್ರು. ಅವಳು ಒಂದೊಂದಕ್ಕೂ ಒಬ್ಬೊಬ್ಬರ ಹೆಸರು ಹೇಳಿದ್ಲು. ಪೂರ್ತಿ ಆದ್ಮೇಲೆ ನಮ್ಮತ್ತೆ ಎಡಗೈ ಬಳೆ ಮೇಲೆತ್ತಿ, ಅಲ್ಲಿ ಯಾವಾಗ್ಲೂ ನಾಲ್ಕೈದು ಪಿನ್ನು ನೇತಾಡ್ತಿರುತ್ತೆ, ಒಂದನ್ನ ಬಿಚ್ಚಿ, ಸೆರಗಿಗೆ ಒರೆಸಿ, ಕಾಲರ್ ಒಳಗಡೆ, ಯಾರಿಗೂ ಕಾಣದ ಕಡೆ ಚುಚ್ಚಿದ್ರು. "ತುಕ್ಕು ಹಿಡಿಯಲ್ಲ ಇದು. ಗುಂಡಿ ಗಿಂಡಿ ಕಿತ್ತೋದ್ರೆ ಬೇಕಾಗುತ್ತೆ."

ಆಮೇಲೆ ಇನ್ನೊಂದು ಪಾಠ. ಹೋಗ್ತೀನಿ ಅನ್ಬಾರ್ದು, ಹೋಗಿ ಬರ್ತೀನಿ ಅನ್ಬೇಕು. ಪುಟ್ಟಿ ಒಪ್ಲಿಲ್ಲ. ಬರ್ತೀನೋ ಇಲ್ವೋ ಗೊತ್ತಿಲ್ಲ, ಗೊತ್ತಿಲ್ದೆ ಹೇಗೆ ಹೇಳ್ಲಿ, ಸುಳ್ಳಾಗುತ್ತೆ ಅಂದ್ಲು. ನಿಮ್ಮ ಭಾಷೇಲೂ ಔಫ್ ವೀಡರ್‌ಜೇಯೆನ್ ಅಂದ್ರೆ ಮತ್ತೆ ನೋಡೋಣ ಅಂತ ತಾನೇ ಅಂತ ನಾನು ಬುದ್ಧಿವಂತಿಕೆ ತೋರಿಸ್ದೆ. "ಅದು ಬೇಕರಿ ಆಂಟಿಗೆ ಹೇಳೋದು" ಅಂದ್ಲು.

ರಾತ್ರಿ ಹನ್ನೆರಡೂವರೆ, ಏರ್‌ಪೋರ್ಟು, ಟರ್ಮಿನಲ್ ಎರಡು. ಟಿಕೆಟ್ ಇಲ್ದಿರೋರನ್ನ ಬಾಗ್ಲಲ್ಲೇ ನಿಲ್ಲಿಸ್ತಾರೆ, ಹಾಗಾಗಿ ಎಲ್ಲ ಆಗ್ಬೇಕಾಗಿದ್ದು ಟ್ರಾಲಿಗಳ ಮಧ್ಯೆ. ಜಯನಗರದ ಮನೆಯೋರೂ ಬಂದಿದ್ರು, ಕಾಲೇಜು ಹುಡುಗೀರೂ ಬಂದಿದ್ರು, ಎಲ್ಲರೂ ಅಳ್ತಿದ್ರು, ಅದನ್ನೇನು ಬರೆಯೋದು. ಆ ಸೆಕೆಲಿ ಬ್ಲೇಜರ್ ಹಾಕ್ಕೊಂಡು ಬೆವರು ಸುರಿಸ್ತಾ ಪುಟ್ಟಿ ಕೊನೇಲಿ ನಮ್ಮತ್ತೆ ಕಾಲಿಗೆ ಬಿದ್ಲು, ಎದ್ದು, ಗಂಟಲು ಸರಿ ಮಾಡ್ಕೊಂಡು, ಜೋರಾಗಿ, "ಹೋಗಿ ಬನ್ನಿ ಅಜ್ಜಿ" ಅಂದ್ಲು.

"ನಾನೆಲ್ಲಿಗೆ ಹೋಗ್ಲಿ ಈ ಮಂಡಿ ಇಟ್ಕೊಂಡು?" ಅಂದ್ರು ನಮ್ಮತ್ತೆ. "ಅದು ನಾನು ಹೇಳೋದು. ನೀನು ಬರ್ತೀನಿ ಅನ್ಬೇಕು."

"ಬರ್ತೀನಿ" ಅಂದ್ಲು. ಪಾಸ್‌ಪೋರ್ಟ್ ನೋಡೋರು ಕೈ ಚಾಚಿ ಕಾಯ್ತಾ ಇದ್ರು.

ವಾಪಸ್ ಬರೋವಾಗ ಕಾರಲ್ಲಿ ಯಾರೂ ಮಾತಾಡ್ಲಿಲ್ಲ. ಸಾದಹಳ್ಳಿ ಟೋಲ್ ಹತ್ರ ಹಿಂದಿನ ಸೀಟಿಂದ ನಮ್ಮತ್ತೆ, "ಅಲ್ವೇ, ಪುಟ್ಟಿ ಕೈಗೆ ದುಡ್ಡು ಎಷ್ಟು ಕೊಟ್ಟೆ?" ಅಂದ್ರು.

"ಏನೂ ಕೊಟ್ಟಿಲ್ಲ ಅತ್ತೆ. ಅಲ್ಲಿ ನಮ್ಮ ದುಡ್ಡು ನಡೆಯಲ್ಲ."

"ನಡೆಯೋದು ಬಿಡೋದು ಆಮೇಲಿನ ಮಾತು. ಮನೆಯಿಂದ ಹೊರಟ ಹುಡುಗೀನ ಬರಿಗೈಲಿ ಕಳಿಸಿದ್ಯಲ್ಲೇ."

ಹೆಬ್ಬಾಳ ಫ್ಲೈಓವರ್ ದಾಟೋ ತನಕ ನನ್ ಜೊತೆ ಮಾತಾಡ್ಲಿಲ್ಲ.